ಅಕ್ಷರಕ್ಕೆ ಜೇನು ಹಚ್ಚಿದ ಜನ



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಬಂದ ಅಕ್ಕ ಒಬ್ಬರ ಕೈಯಲ್ಲಿ ಒಂದು ಕಾಗದದ ತುಂಡು ಇತ್ತು. ಅಂಗಡಿಯಲ್ಲಿ ಬೆಲ್ಲ ಕಟ್ಟಿ ಕೊಟ್ಟಿದ್ದ ಹಳೆಯ ಪತ್ರಿಕೆ ಅದು. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಯ... ಹೂ... ದಿ. ಯಹೂದಿ. ಹಂಗಂದ್ರೆ ಏನ್ರೀ ಟೀಚರ್? ಊರಿನ ಹೆಸರಾ? ಜಾತಿ ಹೆಸರಾ?"

ಆ ದಿನ ನಾವು ಎರಡು ಮಾತಿನಲ್ಲಿ ಉತ್ತರ ಹೇಳಿದೆವು. ಆದರೆ ನಮಗೇ ಸಮಾಧಾನ ಆಗಲಿಲ್ಲ. ಓದಲು ಕಲಿತವರು ಕೇಳಿದ ಪ್ರಶ್ನೆ ಅದು. ಪೂರ್ತಿ ಉತ್ತರ ಕೊಡಬೇಕು. ಅದಕ್ಕೇ ಈ ಪಾಠ.

ಯಹೂದಿಗಳು ಅಂದರೆ ಯಾರು?

ಯಹೂದಿ ಅನ್ನುವುದು ಒಂದು ಧರ್ಮದ ಹೆಸರು. ಆ ಧರ್ಮದ ಜನರ ಹೆಸರೂ ಅದೇ. ಇದು ಬಹಳ ಹಳೆಯ ಧರ್ಮ. ಮೂರು ಸಾವಿರ ವರ್ಷಗಳ ಹಿಂದಿನ ಮಾತು ಇದು. ಕ್ರೈಸ್ತ ಧರ್ಮ ಹುಟ್ಟಿದ್ದು ಯಹೂದಿಗಳ ನಡುವೆಯೇ. ಏಸು ಕ್ರಿಸ್ತನೂ ಯಹೂದಿ ತಾಯಿಯ ಮಗ. ಮುಸಲ್ಮಾನರು ಗೌರವಿಸುವ ಇಬ್ರಾಹಿಂ, ಮೂಸಾ ಇದ್ದಾರಲ್ಲ, ಅವರನ್ನೇ ಯಹೂದಿಗಳು ಅಬ್ರಹಾಮ, ಮೋಶೆ ಎಂದು ಕರೆಯುತ್ತಾರೆ.

ಇಷ್ಟು ದೊಡ್ಡ ಹೆಸರು. ಆದರೆ ಜನ ಮಾತ್ರ ಕಡಿಮೆ. ಇಡೀ ಪ್ರಪಂಚದಲ್ಲಿ ಯಹೂದಿಗಳು ಸುಮಾರು ಒಂದೂವರೆ ಕೋಟಿ. ಕರ್ನಾಟಕದ ಜನಸಂಖ್ಯೆ ಇದರ ನಾಲ್ಕು ಪಟ್ಟು! ಹೆಚ್ಚಿನ ಯಹೂದಿಗಳು ಇಸ್ರೇಲ್ ಮತ್ತು ಅಮೆರಿಕ ದೇಶಗಳಲ್ಲಿ ಇದ್ದಾರೆ.

ಗುಲಾಮರು ಬಿಡುಗಡೆಯಾದ ಕಥೆ

ಯಹೂದಿಗಳ ಧರ್ಮಗ್ರಂಥ ಒಂದು ಕಥೆ ಹೇಳುತ್ತದೆ. ಅಬ್ರಹಾಮ ಎಂಬ ಹಿರಿಯ ಇದ್ದ. ದೇವರು ಒಬ್ಬನೇ ಎಂದು ನಂಬಿದ. ಅವನ ಮಗ ಇಸಾಕ. ಇಸಾಕನ ಮಗ ಯಾಕೋಬ. ಯಾಕೋಬನಿಗೆ ಇಸ್ರೇಲ್ ಎಂದೂ ಹೆಸರು. ಅವನಿಗೆ 12 ಗಂಡುಮಕ್ಕಳು. ಬರಗಾಲ ಬಂತು. ಆ ಕುಟುಂಬ ಹೊಟ್ಟೆಪಾಡಿಗೆ ಈಜಿಪ್ಟ್ ದೇಶಕ್ಕೆ ಗುಳೆ ಹೋಯಿತು.

ಅಲ್ಲಿ ಸಂತಾನ ಬೆಳೆಯಿತು. ರಾಜನಿಗೆ ಹೆದರಿಕೆ ಆಯಿತು. ಅವರನ್ನೆಲ್ಲ ಗುಲಾಮರನ್ನಾಗಿ ಮಾಡಿದ. ಇಟ್ಟಿಗೆ ಮಾಡಿಸಿದ. ಹುಟ್ಟುವ ಗಂಡುಮಕ್ಕಳನ್ನು ಕೊಲ್ಲಿ ಎಂದು ಸೂಲಗಿತ್ತಿಯರಿಗೆ ಹೇಳಿದ. ಸೂಲಗಿತ್ತಿಯರು ಆ ಮಾತು ಕೇಳಲಿಲ್ಲ. ಒಬ್ಬ ತಾಯಿ ತನ್ನ ಕೂಸನ್ನು ಬುಟ್ಟಿಯಲ್ಲಿಟ್ಟು ಹೊಳೆಯ ಅಂಚಿನಲ್ಲಿ ಬಿಟ್ಟಳು. ಕೂಸಿನ ಅಕ್ಕ ದೂರ ನಿಂತು ಕಾದಳು. ರಾಜನ ಮಗಳೇ ಬಂದು ಆ ಕೂಸನ್ನು ಎತ್ತಿಕೊಂಡಳು. ಆ ಕೂಸೇ ಮೋಶೆ. ಮೋಶೆ ದೊಡ್ಡವನಾಗಿ ತನ್ನ ಜನರನ್ನು ಗುಲಾಮಗಿರಿಯಿಂದ ಬಿಡಿಸಿಕೊಂಡು ಹೊರಟ. ಸಿನಾಯಿ ಬೆಟ್ಟದಲ್ಲಿ ದೇವರು ಅವನಿಗೆ ಹತ್ತು ಆಜ್ಞೆಗಳನ್ನು ಕೊಟ್ಟ ಎಂದು ಯಹೂದಿಗಳು ನಂಬುತ್ತಾರೆ.

ನೋಡಿ, ಮೋಶೆ ಉಳಿದದ್ದು ಹೆಣ್ಣುಮಕ್ಕಳಿಂದ. ಸೂಲಗಿತ್ತಿ, ತಾಯಿ, ಅಕ್ಕ, ರಾಜನ ಮಗಳು. ಇವರು ಹೆದರಿ ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಊರು ಬಿಟ್ಟರು, ಪುಸ್ತಕ ಬಿಡಲಿಲ್ಲ

ಮುಂದೆ ಆ ಜನಕ್ಕೆ ರಾಜ್ಯ ಆಯಿತು. ದಾವೀದ, ಸೊಲೊಮೋನ ಎಂಬ ರಾಜರು ಆಳಿದರು. ಜೆರುಸಲೇಮ್ ಪಟ್ಟಣದಲ್ಲಿ ದೊಡ್ಡ ದೇವಾಲಯ ಕಟ್ಟಿದರು. ಬ್ಯಾಬಿಲೋನಿನ ಸೈನ್ಯ ಅದನ್ನು ಕೆಡವಿತು. ಇದು ಕ್ರಿಸ್ತ ಹುಟ್ಟುವುದಕ್ಕೆ ಸುಮಾರು 586 ವರ್ಷ ಮೊದಲು. ಜನರನ್ನು ಸೆರೆಹಿಡಿದು ಒಯ್ದರು. ಮುಂದೆ ಅವರಲ್ಲಿ ಕೆಲವರು ತಿರುಗಿ ಬಂದು ಎರಡನೇ ದೇವಾಲಯ ಕಟ್ಟಿದರು. ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನೂ ಸುಟ್ಟರು. ಅದರ ಒಂದು ಕಡೆಯ ಹೊರಗೋಡೆ ಇವತ್ತಿಗೂ ನಿಂತಿದೆ. ಯಹೂದಿಗಳು ಅಲ್ಲಿ ಹೋಗಿ ಪ್ರಾರ್ಥನೆ ಮಾಡುತ್ತಾರೆ.

ಗುಡಿ ಹೋಯಿತು. ರಾಜ್ಯ ಹೋಯಿತು. ಜನ ದೇಶದೇಶಕ್ಕೆ ಚದುರಿದರು. ಆಮೇಲೆ ಆ ಧರ್ಮ ಹೇಗೆ ಉಳಿಯಿತು?

ಪುಸ್ತಕದಿಂದ ಉಳಿಯಿತು. ಅವರ ಮುಖ್ಯ ಧರ್ಮಗ್ರಂಥಕ್ಕೆ ತೋರಾ ಎಂದು ಹೆಸರು. ಅದು ಹೀಬ್ರೂ ಭಾಷೆಯಲ್ಲಿದೆ. ಹೀಬ್ರೂವಿನಲ್ಲಿ 22 ಅಕ್ಷರ. ನಾವು ಎಡದಿಂದ ಬಲಕ್ಕೆ ಬರೆಯುತ್ತೇವೆ. ಅವರು ಬಲದಿಂದ ಎಡಕ್ಕೆ ಬರೆಯುತ್ತಾರೆ. ಪ್ರಾರ್ಥನೆಗೆ ಓದುವ ತೋರಾವನ್ನು ಈಗಲೂ ಚರ್ಮದ ಮೇಲೆ ಕೈಯಿಂದಲೇ ಬರೆಯಬೇಕು. ಮೂರು ಲಕ್ಷಕ್ಕೂ ಹೆಚ್ಚು ಅಕ್ಷರಗಳಿವೆ. ಒಂದೇ ಒಂದು ಅಕ್ಷರ ತಪ್ಪಿದರೂ, ತಿದ್ದುವ ತನಕ ಅದನ್ನು ಓದುವ ಹಾಗಿಲ್ಲ. ಓದುವಾಗ ಸಾಲಿನ ಮೇಲೆ ಬೆರಳು ಇಡಬಾರದು. ತುದಿಯಲ್ಲಿ ಪುಟ್ಟ ಕೈಯಿನ ಆಕಾರ ಇರುವ ಕಡ್ಡಿ ಹಿಡಿದು ಓದುತ್ತಾರೆ. ಬೆರಳಿಟ್ಟು ಓದುವುದು ನಾಚಿಕೆ ಅಂತ ನಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಾರೆ. ನಾಚಿಕೆ ಏನೂ ಇಲ್ಲ. ದೊಡ್ಡ ದೊಡ್ಡ ಪಂಡಿತರೂ ಕಡ್ಡಿ ಹಿಡಿದೇ ಓದುತ್ತಾರೆ.

ನಾವು ಮಕ್ಕಳಿಗೆ ಅಕ್ಕಿಯ ಮೇಲೆ ಅಕ್ಷರ ತಿದ್ದಿಸುತ್ತೇವೆ ಅಲ್ವಾ? ಯುರೋಪಿನ ಯಹೂದಿಗಳಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಮೊದಲ ಪಾಠದ ದಿನ ಹಲಗೆಯ ಮೇಲಿನ ಅಕ್ಷರಕ್ಕೆ ಜೇನು ಹಚ್ಚುತ್ತಿದ್ದರು. ಹುಡುಗ ಅದನ್ನು ನಾಲಿಗೆಯಿಂದ ನೆಕ್ಕಬೇಕು. ಓದು ಸಿಹಿ ಎಂದು ಮಗುವಿಗೆ ಹೀಗೆ ತಿಳಿಯುತ್ತಿತ್ತು.

ಆದರೆ ಆ ಜೇನು ಗಂಡುಮಕ್ಕಳ ಪಾಲಿಗೆ ಮಾತ್ರ. ಹೆಣ್ಣುಮಕ್ಕಳ ಕಥೆ ಮುಂದೆ ಹೇಳುತ್ತೇವೆ.

ಅವರ ನಂಬಿಕೆ

ದೇವರು ಒಬ್ಬನೇ. ಅವನಿಗೆ ರೂಪ ಇಲ್ಲ, ಮೂರ್ತಿ ಇಲ್ಲ. ಇದು ಮೊದಲ ನಂಬಿಕೆ. ಕೊಲೆ ಮಾಡಬೇಡ, ಕದಿಯಬೇಡ, ಸುಳ್ಳು ಸಾಕ್ಷಿ ಹೇಳಬೇಡ, ತಂದೆತಾಯಿಯನ್ನು ಗೌರವಿಸು. ಹತ್ತು ಆಜ್ಞೆಗಳಲ್ಲಿ ಇವೂ ಇವೆ. ಪ್ರಾರ್ಥನೆಗೆ ಸೇರುವ ಮಂದಿರಕ್ಕೆ ಸಿನಗಾಗ್ ಎನ್ನುತ್ತಾರೆ. ಧರ್ಮ ಬಲ್ಲ ಗುರುವಿಗೆ ರಬ್ಬಿ ಎನ್ನುತ್ತಾರೆ. ಬೇರೆಯವರನ್ನು ತಮ್ಮ ಧರ್ಮಕ್ಕೆ ಸೇರಿಸಲು ಅವರು ಊರೂರು ತಿರುಗುವುದಿಲ್ಲ. ತಾವಾಗಿ ಬಂದವರನ್ನು ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತಾರೆ.

ದಾನಕ್ಕೆ ಅವರಲ್ಲಿ ದೊಡ್ಡ ಸ್ಥಾನ. 12ನೇ ಶತಮಾನದಲ್ಲಿ ಮೈಮೋನಿಡಿಸ್ ಎಂಬ ಪಂಡಿತ ಇದ್ದ. ವೈದ್ಯನೂ ಹೌದು. ದಾನದಲ್ಲಿ ಎಂಟು ಮೆಟ್ಟಿಲು ಇವೆ ಎಂದು ಅವನು ಬರೆದ. ಮುಖ ಗಂಟಿಕ್ಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಎಲ್ಲಕ್ಕಿಂತ ಮೇಲಿನದು ಯಾವುದು ಗೊತ್ತಾ? ಕೆಲಸ ಕೊಟ್ಟು, ಸಾಲ ಕೊಟ್ಟು, ಅವರು ಮತ್ತೆ ಕೈಚಾಚದ ಹಾಗೆ ಮಾಡುವುದು. ನಮ್ಮ ಉಳಿತಾಯ ಸಂಘಗಳು ಮಾಡುವ ಕೆಲಸವೂ ಇದೇ ತಾನೇ?

ಶುಕ್ರವಾರ ಸಂಜೆಯ ದೀಪ

ಯಹೂದಿಗಳಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಅವರಿಗೆ ಬಿಡುವಿನ ದಿನ. ಅದಕ್ಕೆ ಸಬ್ಬತ್ ಎಂದು ಹೆಸರು. ದೇವರು ಆರು ದಿನದಲ್ಲಿ ಜಗತ್ತನ್ನು ಸೃಷ್ಟಿಸಿ ಏಳನೇ ದಿನ ವಿಶ್ರಾಂತಿ ಪಡೆದ ಎಂದು ಅವರ ನಂಬಿಕೆ. ಅದಕ್ಕೇ ಆ ದಿನ ದುಡಿಮೆ ಇಲ್ಲ. ವ್ಯಾಪಾರ ಇಲ್ಲ. ಒಲೆ ಹೊತ್ತಿಸುವ ಹಾಗೂ ಇಲ್ಲ.

ಮನೆಯೊಡತಿ ಶುಕ್ರವಾರ ಹೊತ್ತು ಮುಳುಗುವ ಮೊದಲು ಎರಡು ದೀಪ ಹಚ್ಚುತ್ತಾಳೆ. ಕೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳುತ್ತಾಳೆ. ಆಮೇಲೆ ಮನೆಯವರೆಲ್ಲ ಕೂತು ಊಟ ಮಾಡುತ್ತಾರೆ. ಮರುದಿನದ ಅಡುಗೆ ಮೊದಲೇ ಆಗಿರಬೇಕು. ಸಣ್ಣ ಉರಿಯ ಮೇಲೆ ರಾತ್ರಿಯೆಲ್ಲ ಬಿಟ್ಟು, ಶನಿವಾರ ಬಿಸಿಯಾಗಿ ಉಣ್ಣುತ್ತಾರೆ.

ಈ ನಿಯಮದ ಇನ್ನೊಂದು ಮುಖ ನೋಡಿ. ಆಳುಕಾಳುಗಳಿಗೂ ಎತ್ತಿಗೂ ಆ ದಿನ ಬಿಡುವು ಕೊಡಬೇಕು ಎಂದು ಆಜ್ಞೆಯಲ್ಲೇ ಇದೆ. ಗುಲಾಮರಾಗಿ ದುಡಿದು ಸತ್ತವರ ಮಕ್ಕಳು ಮಾಡಿಕೊಂಡ ನಿಯಮ ಇದು. ವಾರಕ್ಕೆ ಒಂದು ದಿನ ಪೂರ್ತಿ ಬಿಡುವು! ನಮ್ಮ ಎಷ್ಟು ಹೆಣ್ಣುಮಕ್ಕಳಿಗೆ ಇದೆ, ಹೇಳಿ?

ಅಡುಗೆಮನೆಯ ನಿಯಮ

ತಿನ್ನಬಹುದಾದ ಆಹಾರಕ್ಕೆ ಅವರು ಕೋಷರ್ ಎನ್ನುತ್ತಾರೆ. ಹಂದಿ ಮಾಂಸ ತಿನ್ನಬಾರದು. ಮೀನಿಗೆ ರೆಕ್ಕೆ ಮತ್ತು ಹುರುಪೆ ಎರಡೂ ಇರಬೇಕು. ಅದಕ್ಕೆ ಸಿಗಡಿ, ಏಡಿ ಇಲ್ಲ. ಮಾಂಸಕ್ಕೆ ಉಪ್ಪು ಹಚ್ಚಿ ರಕ್ತ ತೆಗೆದು ಅಡುಗೆ ಮಾಡಬೇಕು. ಮಾಂಸ ಮತ್ತು ಹಾಲು ಒಟ್ಟಿಗೆ ಸೇರಬಾರದು. ಆಚಾರವಂತರ ಮನೆಯಲ್ಲಿ ಇವೆರಡಕ್ಕೆ ಬೇರೆ ಬೇರೆ ಪಾತ್ರೆ. ಭಾರತದ ಯಹೂದಿಗಳು ಮಾಂಸದ ಸಾರಿಗೆ ತೆಂಗಿನಹಾಲು ಹಾಕುತ್ತಾರೆ. ತೆಂಗಿನಹಾಲು ಹಸುವಿನ ಹಾಲಲ್ಲವಲ್ಲ! ನಿಯಮವೂ ಉಳಿಯಿತು, ರುಚಿಯೂ ಉಳಿಯಿತು.

ಹುಟ್ಟು, ಮದುವೆ, ಸಾವು

ಗಂಡುಮಗುವಿಗೆ ಎಂಟನೇ ದಿನ ಸುನ್ನತಿ ಮಾಡಿ ಹೆಸರಿಡುತ್ತಾರೆ. 13 ವರ್ಷಕ್ಕೆ ಹುಡುಗ ಧರ್ಮದ ಹೊಣೆ ಹೊರುತ್ತಾನೆ. ಎಲ್ಲರ ಮುಂದೆ ತೋರಾ ಓದುತ್ತಾನೆ. ಹುಡುಗಿಗೆ ಈ ವಯಸ್ಸು 12.

ಮದುವೆ ನಾಲ್ಕು ಕಂಬದ ಚಪ್ಪರದ ಕೆಳಗೆ ನಡೆಯುತ್ತದೆ. ಕೊನೆಯಲ್ಲಿ ಮದುಮಗ ಒಂದು ಗಾಜಿನ ಲೋಟವನ್ನು ಕಾಲಿನಿಂದ ತುಳಿದು ಒಡೆಯುತ್ತಾನೆ. ಸಂತೋಷದ ಹೊತ್ತಿನಲ್ಲೂ ಹಾಳಾದ ದೇವಾಲಯ ನೆನಪಿರಲಿ ಎಂದು ಹೀಗೆ ಮಾಡುತ್ತಾರೆ. ಮದುವೆಗೆ ಒಂದು ಬರಹದ ಪತ್ರ ಬೇಕೇ ಬೇಕು. ಗಂಡ ಹೆಂಡತಿಗೆ ಏನು ಕೊಡಬೇಕು, ಬಿಟ್ಟರೆ ಅಥವಾ ಸತ್ತರೆ ಅವಳಿಗೆ ಎಷ್ಟು ಹಣ ಸಲ್ಲಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಸಾಕ್ಷಿಗಳ ರುಜು ಇರುತ್ತದೆ. ಆ ಪತ್ರ ಹೆಂಡತಿಯ ಆಸ್ತಿ.

ಸತ್ತವರನ್ನು ತಡ ಮಾಡದೆ ಹೂಳುತ್ತಾರೆ. ಹತ್ತಿರದವರು ಏಳು ದಿನ ಮನೆಯಲ್ಲೇ ಇದ್ದು ದುಃಖ ಆಚರಿಸುತ್ತಾರೆ. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟವನ್ನು ನೆರೆಹೊರೆಯವರು ತರುತ್ತಾರೆ. ನಮ್ಮೂರುಗಳಲ್ಲೂ ಸಾವಿನ ಮನೆಗೆ ಅಕ್ಕಪಕ್ಕದವರೇ ಊಟ ಒಯ್ಯುತ್ತಾರೆ. ದುಃಖ ಎಲ್ಲ ಕಡೆ ಒಂದೇ.

ಹಬ್ಬಗಳು

ಅವರ ತಿಂಗಳುಗಳೂ ಚಂದ್ರನನ್ನು ನೋಡಿ ನಡೆಯುತ್ತವೆ. ನಮ್ಮ ಅಧಿಕ ಮಾಸದ ಹಾಗೆ ಅವರೂ ಕೆಲವು ವರ್ಷ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ.

ಹೊಸ ವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರ್ ತಿಂಗಳಲ್ಲಿ ಬರುತ್ತದೆ. ಅಂದು ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಹತ್ತನೇ ದಿನ ಯೋಮ್ ಕಿಪ್ಪುರ್. ಅಂದು ನೀರೂ ಕುಡಿಯದೆ ಉಪವಾಸ. ಮನುಷ್ಯರಿಗೆ ಮಾಡಿದ ತಪ್ಪಿಗೆ ದೇವರಲ್ಲಿ ಕ್ಷಮೆ ಕೇಳಿದರೆ ಸಾಲದು. ಆ ಮನುಷ್ಯರ ಹತ್ತಿರವೇ ಹೋಗಿ ಕೇಳಬೇಕು.

ಹನುಕ್ಕಾ ಎಂಟು ದಿನದ ದೀಪದ ಹಬ್ಬ. ಮಾರ್ಚ್-ಏಪ್ರಿಲ್‌ನಲ್ಲಿ ಪಸ್ಕ ಹಬ್ಬ. ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪು ಅದು. ಹಿಟ್ಟು ಹುದುಗಲೂ ಸಮಯ ಇಲ್ಲದೆ ಓಡಿ ಬಂದರಂತೆ. ಅದಕ್ಕೇ ಆ ದಿನಗಳಲ್ಲಿ ಹುದುಗಿಸದ ರೊಟ್ಟಿ ತಿನ್ನುತ್ತಾರೆ. ಕಹಿ ಸೊಪ್ಪು ತಿಂದು ಹಿರಿಯರ ಕಷ್ಟ ನೆನೆಯುತ್ತಾರೆ. ಮನೆಯ ಕಿರಿಯ ಮಗು ಪ್ರಶ್ನೆ ಕೇಳಬೇಕು. ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ ಎಂದು. ಹಿರಿಯರು ಉತ್ತರ ಹೇಳಬೇಕು. ಮಗು ಪ್ರಶ್ನೆ ಕೇಳಿದರೇನೇ ಆ ಹಬ್ಬ ನಡೆಯುವುದು.

ಹೆಣ್ಣುಮಕ್ಕಳ ಪಾಲು

ಇಲ್ಲಿಯವರೆಗೆ ಒಳ್ಳೆಯ ಮಾತು ಹೇಳಿದೆವು. ಕಷ್ಟದ ಮಾತನ್ನೂ ಹೇಳಬೇಕು.

ಹಳೆಯ ಸಂಪ್ರದಾಯದ ಸಿನಗಾಗ್‌ಗಳಲ್ಲಿ ಹೆಂಗಸರು ಬೇರೆ ಕೂರಬೇಕು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಗಂಡಸರೇ ಬೇಕು. ವಿಚ್ಛೇದನದ ಪತ್ರವನ್ನು ಗಂಡನೇ ಕೊಡಬೇಕು. ಅವನು ಹಟ ಹಿಡಿದು ಕೊಡದಿದ್ದರೆ, ಆ ಹೆಣ್ಣು ಧರ್ಮದ ಪ್ರಕಾರ ಇನ್ನೊಂದು ಮದುವೆ ಆಗುವ ಹಾಗಿಲ್ಲ. ಇಂಥ ಹೆಂಗಸರಿಗೆ 'ಕಟ್ಟಿಬಿದ್ದವಳು' ಎನ್ನುವ ಅರ್ಥದ ಹೆಸರೇ ಇದೆ. ಇಂದಿಗೂ ಅವರು ನ್ಯಾಯಕ್ಕಾಗಿ ಹೋರಾಡುತ್ತಿದ್ದಾರೆ.

ಓದಿನಲ್ಲೂ ಹೆಣ್ಣುಮಕ್ಕಳು ಹಿಂದೆ ಉಳಿದರು. ಅದನ್ನು ಬದಲಿಸಲು ಹೊರಟವಳು ಒಬ್ಬ ದರ್ಜಿ ಹೆಂಗಸು. ಪೋಲೆಂಡಿನ ಕ್ರಾಕೋವ್ ಪಟ್ಟಣದ ಸಾರಾ ಶೆನಿರರ್. ಬಟ್ಟೆ ಹೊಲಿದು ಬದುಕುತ್ತಿದ್ದಳು. ಮೈಗೆ ಚೆಂದದ ಬಟ್ಟೆ ಬೇಕೆಂದು ಬರುವ ಹುಡುಗಿಯರಿಗೆ ತಮ್ಮ ಧರ್ಮಗ್ರಂಥದ ಓದು ಮಾತ್ರ ಸಿಕ್ಕಿರಲಿಲ್ಲ. ಇದು ಅವಳ ಮನಸ್ಸನ್ನು ಕೊರೆಯಿತು. 1917ರಲ್ಲಿ ಹುಡುಗಿಯರಿಗಾಗಿ ಶಾಲೆ ತೆರೆದಳು. ಇಪ್ಪತ್ತು ವರ್ಷದೊಳಗೆ ಅಂಥ ನೂರಾರು ಶಾಲೆಗಳಾದವು.

1935ರಲ್ಲಿ ಜರ್ಮನಿಯ ರೆಗಿನಾ ಯೋನಾಸ್ ಎಂಬಾಕೆ ರಬ್ಬಿ ಪದವಿ ಪಡೆದಳು. ಪ್ರಪಂಚದಲ್ಲಿ ಆ ಪದವಿ ಪಡೆದ ಮೊದಲ ಹೆಣ್ಣು ಅವಳು. ಈಗ ಸುಧಾರಣೆ ಒಪ್ಪಿದ ಪಂಗಡಗಳಲ್ಲಿ ಹೆಂಗಸರು ರಬ್ಬಿಗಳಾಗಿದ್ದಾರೆ, ಗಂಡಸರ ಜೊತೆ ಕೂತು ತೋರಾ ಓದುತ್ತಾರೆ.

ಪಟ್ಟ ಪಾಡು

ಯುರೋಪಿನಲ್ಲಿ ಯಹೂದಿಗಳನ್ನು ಶತಮಾನಗಟ್ಟಲೆ ಹಿಂಸಿಸಿದರು. ರೋಗ ಬಂದರೂ ಅವರ ಮೇಲೆ ಅಪವಾದ. ಬರ ಬಂದರೂ ಅವರ ಮೇಲೆ ಅಪವಾದ. 1290ರಲ್ಲಿ ಇಂಗ್ಲೆಂಡಿನಿಂದ ಹೊರಗೆ ಹಾಕಿದರು. 1492ರಲ್ಲಿ ಸ್ಪೇನಿನಿಂದ ಓಡಿಸಿದರು.

ಎಲ್ಲಕ್ಕಿಂತ ಘೋರವಾದದ್ದು ಜರ್ಮನಿಯಲ್ಲಿ ಶುರುವಾಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಮೊದಲು ಅವರ ಅಂಗಡಿಗೆ ಹೋಗಬೇಡಿ ಎಂದರು. ಆಮೇಲೆ ಅವರ ಮಕ್ಕಳನ್ನು ಶಾಲೆಯಿಂದ ತೆಗೆದರು. ಆಮೇಲೆ ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಿ ಎಂದರು. ಕೊನೆಗೆ ರೈಲಿನಲ್ಲಿ ತುಂಬಿ ಶಿಬಿರಗಳಿಗೆ ಒಯ್ದು ಕೊಂದರು. 1945ರ ಹೊತ್ತಿಗೆ ಸುಮಾರು 60 ಲಕ್ಷ ಯಹೂದಿಗಳು ಸತ್ತಿದ್ದರು. ರೆಗಿನಾ ಯೋನಾಸಳನ್ನೂ 1944ರಲ್ಲಿ ಆಶ್‌ವಿಟ್ಸ್ ಶಿಬಿರದಲ್ಲಿ ಕೊಂದರು.

ಆ 60 ಲಕ್ಷ ಜನರಲ್ಲಿ ಆನ್ ಫ್ರಾಂಕ್ ಎಂಬ ಹುಡುಗಿಯೂ ಒಬ್ಬಳು. ಹಾಲೆಂಡಿನ ಆಮ್‌ಸ್ಟರ್‌ಡಾಮ್ ಪಟ್ಟಣದಲ್ಲಿ ಎರಡು ವರ್ಷ ಅಡಗಿ ಕೂತಿದ್ದಳು. ಅಲ್ಲಿ ದಿನಚರಿ ಬರೆದಳು. 1944ರಲ್ಲಿ ಹಿಡಿದರು. ಮರುವರ್ಷ ಶಿಬಿರದಲ್ಲಿ ಸತ್ತಳು. ಆಗ ಅವಳಿಗೆ 15 ವರ್ಷ. ಅವಳ ಪುಸ್ತಕವನ್ನು ಪ್ರಪಂಚ ಇಂದೂ ಓದುತ್ತಿದೆ. ಕೊಂದವರು ಅವಳ ಜೀವ ತೆಗೆದರು. ಅವಳು ಬರೆದದ್ದು ಉಳಿಯಿತು.

1948ರಲ್ಲಿ ಇಸ್ರೇಲ್ ದೇಶ ಆಯಿತು. ಅನೇಕ ಯಹೂದಿಗಳಿಗೆ ನೆಲೆ ಸಿಕ್ಕಿತು. ಅದೇ ಹೊತ್ತಿನಲ್ಲಿ ಅಲ್ಲಿದ್ದ ಪ್ಯಾಲೆಸ್ಟೀನಿನ ಲಕ್ಷಾಂತರ ಅರಬರು ಮನೆಮಠ ಕಳೆದುಕೊಂಡರು. ಆ ಜಗಳ ಇನ್ನೂ ಮುಗಿದಿಲ್ಲ. ಎರಡೂ ಕಡೆಯ ತಾಯಂದಿರು ಅಳುತ್ತಿದ್ದಾರೆ. ಒಂದು ಮಾತು ನೆನಪಿರಲಿ. ಸರ್ಕಾರ ಬೇರೆ, ಧರ್ಮ ಬೇರೆ. ಯಾವ ಸರ್ಕಾರದ ಕೆಲಸಕ್ಕೂ ಒಂದು ಧರ್ಮದ ಎಲ್ಲ ಜನರನ್ನೂ ದೂರಬಾರದು.

ನಮ್ಮ ದೇಶಕ್ಕೆ ಬಂದವರು

ನಮ್ಮ ದೇಶದಲ್ಲೂ ಯಹೂದಿಗಳಿದ್ದಾರೆ. ಕೊಂಕಣದ ಯಹೂದಿಗಳಿಗೆ ಬೆನೆ ಇಸ್ರೇಲ್ ಎನ್ನುತ್ತಾರೆ. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು ಎಂದು ಅವರ ಹಿರಿಯರು ಕಥೆ ಹೇಳುತ್ತಾರೆ. ಅವರ ಮಾತು ಮರಾಠಿ. ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಊರವರು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಶುಭ ಕಾರ್ಯದಲ್ಲಿ ಅವರು ಮಲೀದಾ ಎಂಬ ಸಿಹಿ ಹಂಚುತ್ತಾರೆ. ಅವಲಕ್ಕಿ, ತೆಂಗಿನತುರಿ, ಸಿಹಿ ಕಲಸಿ, ಹಣ್ಣು ಇಟ್ಟು ಪ್ರಾರ್ಥನೆ ಮಾಡುತ್ತಾರೆ. ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದ ಡಾಕ್ಟರ್ ಜೆರುಶಾ ಝಿರಾಡ್ ಈ ಸಮುದಾಯದವರು. 1966ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕೇರಳದ ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಸಿನಗಾಗ್ ಇದೆ. ಅರಮನೆಯ ಪಕ್ಕದಲ್ಲೇ ಇದೆ. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳಂ ಹಾಡು ಹಾಡುತ್ತಿದ್ದರು. ಮದುವೆಯ ಹಾಡು, ಹಬ್ಬದ ಹಾಡು, ಮೋಶೆಯ ಕಥೆಯ ಹಾಡು. ಆ ಹಾಡುಗಳನ್ನು ಕೈಬರಹದ ಪುಸ್ತಕದಲ್ಲಿ ಬರೆದಿಟ್ಟರು. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು. ಪುಸ್ತಕಗಳೂ ಜೊತೆಗೆ ಹೋದವು. ಅವು ಇದ್ದುದರಿಂದ ಆ ಹಾಡು ಇಂದಿಗೂ ಸಿಗುತ್ತದೆ.

ಇಲ್ಲೂ ನೋವು ತಪ್ಪಲಿಲ್ಲ. 2008ರ ನವೆಂಬರಿನಲ್ಲಿ ಭಯೋತ್ಪಾದಕರು ಮುಂಬಯಿಯ ನಾರಿಮನ್ ಹೌಸ್ ಎಂಬ ಯಹೂದಿ ಕೇಂದ್ರಕ್ಕೂ ನುಗ್ಗಿದರು. ರಬ್ಬಿಯನ್ನೂ ಅವರ ಹೆಂಡತಿಯನ್ನೂ ಕೊಂದರು. ಅವರ ಪುಟ್ಟ ಮಗುವನ್ನು ಎತ್ತಿಕೊಂಡು ಹೊರಗೆ ಓಡಿ ಬಂದವಳು ಮಗುವನ್ನು ನೋಡಿಕೊಳ್ಳುತ್ತಿದ್ದ ಭಾರತದ ದಾದಿ. ಅವಳ ಧರ್ಮ ಬೇರೆ, ಮಗುವಿನ ಧರ್ಮ ಬೇರೆ. ಎತ್ತಿಕೊಳ್ಳುವಾಗ ಅವಳು ಅದನ್ನು ಕೇಳಲಿಲ್ಲ.

ಮಂಗಳೂರಿನ ಅಶು

ಕೊನೆಗೆ ನಮ್ಮ ನಾಡಿನದೇ ಒಂದು ಮಾತು.

ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ಈಜಿಪ್ಟಿನ ಕೈರೋ ಪಟ್ಟಣದ ಸಿನಗಾಗ್‌ನ ಒಂದು ಕೋಣೆಯಲ್ಲಿ ಹೀಗೆ ಹಳೆಯ ಕಾಗದ ತುಂಬಿಟ್ಟಿದ್ದರು. ನೂರಾರು ವರ್ಷ ತುಂಬಿದ ರಾಶಿ ಅದು. ವಿದ್ವಾಂಸರು ಅದನ್ನು ತೆಗೆದು ಓದಿದಾಗ ಮಂಗಳೂರಿನ ಹೆಸರು ಸಿಕ್ಕಿತು!

ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದ. ಮೆಣಸು, ಅಡಕೆ ಕಳಿಸುತ್ತಿದ್ದ. ಹಿತ್ತಾಳೆ ಪಾತ್ರೆ ಮಾಡಿಸುತ್ತಿದ್ದ. ಅವನಿಗೆ ಬರೆಯಲು ಕಾಗದ ಏಡನ್ ಬಂದರಿನಿಂದ ಹಡಗಿನಲ್ಲಿ ಬರುತ್ತಿತ್ತು. 1132ರಲ್ಲಿ ಅವನು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದ. ಅವಳನ್ನು ಮದುವೆಯಾದ ಎಂದು ವಿದ್ವಾಂಸರು ಹೇಳುತ್ತಾರೆ. 1149ರಲ್ಲಿ ಅವನು ಏಡನ್‌ಗೆ ವಾಪಸು ಹೋದ.

ಒಂಬೈನೂರು ವರ್ಷದ ಹಿಂದೆ ಆ ವ್ಯಾಪಾರಿ ಎಷ್ಟು ಮೆಣಸು ಕಳಿಸಿದ ಎಂದು ಇವತ್ತು ನಾವು ಓದಬಹುದು. ಆದರೆ ಅಶು ಬರೆದ ಒಂದು ಸಾಲೂ ಆ ರಾಶಿಯಲ್ಲಿ ಸಿಕ್ಕಿಲ್ಲ. ಬಿಡುಗಡೆಯ ದಿನ ಅವಳಿಗೆ ಏನನ್ನಿಸಿತು? ತೌರಿನ ನೆನಪು ಬಂತಾ? ಮಕ್ಕಳಿಗೆ ಯಾವ ಭಾಷೆಯಲ್ಲಿ ಲಾಲಿ ಹಾಡಿದಳು? ಅವಳ ಮಾತು ಅವಳ ಜೊತೆಯೇ ಹೋಯಿತು.

ಅಕ್ಕಂದಿರೇ, ನಾವು ನಿಮಗೆ ದಿನಕ್ಕೆ ಎರಡು ಸಾಲು ಬರೆಯಿರಿ ಎಂದು ಹೇಳುತ್ತಾ ಇರುವುದು ಇದಕ್ಕೇ. ಇಂದಿನ ಕೂಲಿ ಎಷ್ಟು, ಮಗಳು ಏನಂದಳು, ಮಳೆ ಬಂತಾ, ಮನಸ್ಸಿಗೆ ಏನನ್ನಿಸಿತು. ಅಷ್ಟು ಸಾಕು. ಕಾಗುಣಿತ ತಪ್ಪಾದರೂ ಚಿಂತೆಯಿಲ್ಲ.

ಮಾತಾಡೋಣ

1. ಮೋಶೆಯನ್ನು ಉಳಿಸಿದ ಹೆಂಗಸರು ಯಾರು ಯಾರು?
2. ಯಹೂದಿಗಳ ಪದ್ಧತಿಯಲ್ಲಿ ನಮ್ಮದನ್ನು ಹೋಲುವ ಮೂರನ್ನು ಹೇಳಿ.
3. ಒಂದು ಧರ್ಮದವರ ಬಗ್ಗೆ ಕೆಟ್ಟ ಮಾತು ಕೇಳಿದಾಗ ನಾವು ಏನು ಮಾಡಬೇಕು?
4. ಮದುವೆಯಾದಾಗ ನಿಮಗೆ ಯಾವ ಪತ್ರ ಕೊಟ್ಟರು? ಅದು ಈಗ ಎಲ್ಲಿದೆ? ಮನೆಗೆ ಹೋಗಿ ಹುಡುಕಿ, ಓದಿ ನೋಡಿ.